ಆಸ್ಪತ್ರೆ ಸಾಫ್ಟ್‌ವೇರ್‌ನ ಹಣೆಬರಹ ಟೆಂಡರ್‌ನಲ್ಲೇ ಬರೆದಿರುತ್ತದೆ

ಸರ್ಕಾರಿ ಆಸ್ಪತ್ರೆಗೆ ಹೋದವರಿಗೆ ‘ಸರ್ವರ್ ಡೌನ್’ ಎಂಬ ಮಾತು ಹೊಸದಲ್ಲ. ಒಪಿಡಿ ಚೀಟಿ ಕೊಡುವ ಕಿಟಕಿಯ ಮುಂದೆ ಸಾಲು ಬೆಳೆಯುತ್ತಲೇ ಇರುತ್ತದೆ. ಮಗುವನ್ನು ಎತ್ತಿಕೊಂಡ ತಾಯಿ, ಕೋಲೂರಿಕೊಂಡು ಬಂದ ಅಜ್ಜ, ಅರ್ಧ ದಿನದ ಕೂಲಿ ಬಿಟ್ಟು ಬಂದ ಕಾರ್ಮಿಕ ಎಲ್ಲರೂ ಕಂಪ್ಯೂಟರ್ ಸರಿಹೋಗುವುದನ್ನೇ ಕಾಯುತ್ತಾರೆ. ನಾವು ಬೈಯುವುದು ಕಿಟಕಿಯ ಆಚೆ ಕುಳಿತ ನೌಕರನನ್ನು. ಸ್ವಲ್ಪ ಓದಿಕೊಂಡವರಾದರೆ ಸಾಫ್ಟ್‌ವೇರ್ ಬರೆದ ಎಂಜಿನಿಯರನ್ನು. ಆ ಸಾಫ್ಟ್‌ವೇರ್ ಅನ್ನು ಯಾರು, ಯಾವ ಷರತ್ತಿನ ಮೇಲೆ, ಏನನ್ನು ನೋಡಿ ಕೊಂಡರು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ನಾನು ಬಿಇ ಮೂರನೇ ವರ್ಷದಲ್ಲಿ ಓದುತ್ತಿದ್ದೇನೆ. ಡೇಟಾ ಸ್ಟ್ರಕ್ಚರ್ ಓದಿದ್ದೇವೆ, ಡೇಟಾಬೇಸ್ ಓದಿದ್ದೇವೆ, ಸಾಫ್ಟ್‌ವೇರ್ ಎಂಜಿನಿಯರಿಂಗ್ ಎಂಬ ವಿಷಯದಲ್ಲಿ ‘ಗ್ರಾಹಕನ ಅಗತ್ಯಗಳನ್ನು ಅರಿಯುವುದು ಹೇಗೆ’ ಎಂಬ ಅಧ್ಯಾಯವನ್ನೂ ಬಾಯಿಪಾಠ ಮಾಡಿದ್ದೇವೆ. ಆದರೆ ನಮ್ಮ ದೇಶದ ಅತಿ ದೊಡ್ಡ ಗ್ರಾಹಕ ಸರ್ಕಾರ. ಆ ಗ್ರಾಹಕ ತನ್ನ ಅಗತ್ಯವನ್ನು ಹೇಳುವುದು ಟೆಂಡರ್ ಎಂಬ ಕಾಗದದಲ್ಲಿ. ಆ ಕಾಗದ ಹೇಗಿರುತ್ತದೆ ಎಂದು ನಾಲ್ಕು ವರ್ಷದಲ್ಲಿ ಒಬ್ಬರೂ ತೋರಿಸುವುದಿಲ್ಲ. ನನ್ನ ವಾದ ಇಷ್ಟೇ: ಸರ್ಕಾರಿ ಆಸ್ಪತ್ರೆಯ ಸಾಫ್ಟ್‌ವೇರ್ ಕೆಡುವುದು ಕೋಡ್ ಬರೆಯುವ ಮೊದಲೇ, ಟೆಂಡರ್ ಬರೆಯುವಾಗ. ಸರಿಪಡಿಸಬೇಕಾದದ್ದೂ ಅಲ್ಲಿಯೇ.

ಕುರ್ಚಿ ಕೊಳ್ಳುವ ಹಾಗೆ

ಸರ್ಕಾರ ಮನಸ್ಸಿಗೆ ಬಂದ ಹಾಗೆ ಏನನ್ನೂ ಕೊಳ್ಳುವಂತಿಲ್ಲ. ಕರ್ನಾಟಕದಲ್ಲಿ ಇದಕ್ಕೆಂದೇ 1999ರ ‘ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ’ ಇದೆ. ಕಚೇರಿಗಳಲ್ಲಿ ಅದನ್ನು ಕೆಟಿಪಿಪಿ ಕಾಯ್ದೆ ಎನ್ನುತ್ತಾರೆ. ಟೆಂಡರ್ ಪ್ರಕಟಣೆ, ಬಿಡ್ ಸಲ್ಲಿಕೆ ಈಗ ಆನ್‌ಲೈನ್‌ನಲ್ಲೇ ನಡೆಯುತ್ತವೆ. ಕೇಂದ್ರ ಸರ್ಕಾರದ ಇಲಾಖೆಗಳಿಗೆ 2016ರಲ್ಲಿ ಶುರುವಾದ ಸರ್ಕಾರಿ ಇ-ಮಾರುಕಟ್ಟೆ ‘ಜೆಮ್’ ಇದೆ. ಅಲ್ಲಿ ಸಿಗುವ ವಸ್ತು ಮತ್ತು ಸೇವೆಯನ್ನು ಅಲ್ಲಿಯೇ ಕೊಳ್ಳಬೇಕೆಂದು 2017ರ ಸಾಮಾನ್ಯ ಹಣಕಾಸು ನಿಯಮಗಳು ಕಡ್ಡಾಯ ಮಾಡಿವೆ.

ಸಾಮಾನ್ಯವಾಗಿ ಎರಡು ಲಕೋಟೆಗಳ ಪದ್ಧತಿ ನಡೆಯುತ್ತದೆ. ಮೊದಲನೆಯದು ತಾಂತ್ರಿಕ ಲಕೋಟೆ. ಕಂಪನಿಗೆ ಅರ್ಹತೆ ಇದೆಯೇ, ಕೇಳಿದ್ದೆಲ್ಲ ಕೊಡುತ್ತದೆಯೇ ಎಂದು ಅದರಲ್ಲಿ ನೋಡುತ್ತಾರೆ. ಪಾಸಾದವರ ಎರಡನೆಯ, ದರದ ಲಕೋಟೆ ತೆರೆಯುತ್ತಾರೆ. ಯಾರ ದರ ಎಲ್ಲರಿಗಿಂತ ಕಡಿಮೆಯೋ ಅವರೇ ‘ಎಲ್1’. ಕೆಲಸ ಅವರಿಗೆ.

ಈ ಪದ್ಧತಿಯನ್ನು ಸುಮ್ಮನೆ ಹಳಿಯುವುದು ಸುಲಭ. ಆದರೆ ಇದು ಹುಟ್ಟಿದ್ದಕ್ಕೆ ಕಾರಣವಿದೆ. ಕಡಿಮೆ ದರ ಎಂಬುದು ಎಲ್ಲರ ಕಣ್ಣಿಗೂ ಕಾಣುವ ಅಳತೆ. ನಾಳೆ ಲೆಕ್ಕ ಪರಿಶೋಧಕರು ಬಂದು ‘ಇವರಿಗೇ ಏಕೆ ಕೊಟ್ಟಿರಿ’ ಎಂದು ಕೇಳಿದರೆ ಅಧಿಕಾರಿ ಬೆರಳಿಟ್ಟು ತೋರಿಸಬಹುದು. ತಮ್ಮವರಿಗೆ, ನೆಂಟರಿಗೆ ಕೆಲಸ ಕೊಡುವ ಚಾಳಿಗೆ ಇದು ಹಾಕಿದ ಬೇಲಿ. ಬೆಂಚು, ಬೆಡ್‌ಶೀಟ್, ಪ್ರಿಂಟರ್ ಕೊಳ್ಳಲು ಈ ಬೇಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಒಂದೇ ಅಳತೆಯ ಎರಡು ಕುರ್ಚಿಗಳಲ್ಲಿ ಅಗ್ಗದ್ದನ್ನು ಕೊಳ್ಳುವುದೇ ಜಾಣತನ.

ಆದರೆ ಸಾಫ್ಟ್‌ವೇರ್ ಕುರ್ಚಿಯಲ್ಲ. ಕುರ್ಚಿ ತಂದು ಹಾಕಿದ ದಿನ ವ್ಯವಹಾರ ಮುಗಿಯುತ್ತದೆ. ಸಾಫ್ಟ್‌ವೇರ್ ತಂದು ಹಾಕಿದ ದಿನ ವ್ಯವಹಾರ ಶುರುವಾಗುತ್ತದೆ. ಹೊಸ ವಾರ್ಡ್ ತೆರೆದರೆ ಅದನ್ನು ಸೇರಿಸಬೇಕು. ಸರ್ಕಾರ ಹೊಸ ಯೋಜನೆ ತಂದರೆ ನಮೂನೆ ಬದಲಾಗಬೇಕು. ಹೊಸ ನರ್ಸ್ ಬಂದರೆ ಕಲಿಸಬೇಕು. ರೋಗಿಯ ಮಾಹಿತಿ ಹತ್ತು ವರ್ಷದ ನಂತರವೂ ಸಿಗಬೇಕು. ಇಷ್ಟನ್ನು ಕುರ್ಚಿ ಕೊಳ್ಳುವ ವಿಧಾನದಲ್ಲಿ ಕೊಂಡರೆ ಏನಾಗುತ್ತದೆ? ನೀರಿನಲ್ಲಿರುವ ಎಮ್ಮೆಗೆ ದಡದ ಮೇಲೆ ನಿಂತು ವ್ಯಾಪಾರ ಕುದುರಿಸಿದ ಹಾಗಾಗುತ್ತದೆ.

ಎಡವುವುದು ಎಲ್ಲಿ?

ಬಿಡುವು ಸಿಕ್ಕಾಗ ಆಸ್ಪತ್ರೆ ಸಾಫ್ಟ್‌ವೇರ್‌ಗೆ ಸಂಬಂಧಿಸಿದ ಟೆಂಡರ್ ದಾಖಲೆಗಳನ್ನು ಓದುವುದು ನನಗೆ ಅಭ್ಯಾಸವಾಗಿದೆ. ಅವು ನೂರಾರು ಪುಟ ಇರುತ್ತವೆ. ಓದುತ್ತಾ ಹೋದಂತೆ ಕೆಲವು ಸಂಗತಿಗಳು ಮತ್ತೆ ಮತ್ತೆ ಎದುರಾಗುತ್ತವೆ.

ಮೊದಲನೆಯದು ಅರ್ಹತೆಯ ಷರತ್ತು. ಕಳೆದ ಮೂರು ವರ್ಷಗಳಲ್ಲಿ ಇಷ್ಟು ಕೋಟಿ ವಹಿವಾಟು ಇರಬೇಕು, ಇಂಥದ್ದೇ ಕೆಲಸವನ್ನು ಇಷ್ಟು ಕಡೆ ಮಾಡಿರಬೇಕು. ಉದ್ದೇಶ ಸರಿ. ನಾಳೆ ಬಾಗಿಲು ಹಾಕಿಕೊಂಡು ಹೋಗುವ ಕಂಪನಿ ಬರಬಾರದು. ಆದರೆ ವಹಿವಾಟು ಕಂಪನಿಯ ದೊಡ್ಡತನವನ್ನು ಹೇಳುತ್ತದೆಯೇ ಹೊರತು ಅದರ ಸಾಫ್ಟ್‌ವೇರ್‌ನ ಒಳ್ಳೆಯತನವನ್ನಲ್ಲ. ಸ್ಟಾರ್ಟ್‌ಅಪ್‌ಗಳಿಗೆ ಹಿಂದಿನ ವಹಿವಾಟು, ಅನುಭವದ ಷರತ್ತನ್ನು ಸಡಿಲಿಸಬಹುದು ಎಂದು ಕೇಂದ್ರದ ನಿಯಮಗಳೇ ಹೇಳುತ್ತವೆ. ‘ಸಡಿಲಿಸಬಹುದು’ ಎಂದರೆ ಸಡಿಲಿಸಲೇಬೇಕು ಎಂದಲ್ಲ. ಅಪಾಯ ಮೈಮೇಲೆ ಎಳೆದುಕೊಳ್ಳಲು ಯಾವ ಅಧಿಕಾರಿಗೆ ಇಷ್ಟ?

ಎರಡನೆಯದು ಪಟ್ಟಿಯ ಹುಚ್ಚು. ‘ನೋಂದಣಿ ಇರಬೇಕು, ಬಿಲ್ಲಿಂಗ್ ಇರಬೇಕು, ಲ್ಯಾಬ್ ಇರಬೇಕು, ಔಷಧ ಉಗ್ರಾಣ ಇರಬೇಕು’ ಎಂದು ಉದ್ದದ ಪಟ್ಟಿ. ಕಂಪನಿ ಪ್ರತಿಯೊಂದರ ಮುಂದೆ ‘ಹೌದು’ ಎಂದು ಬರೆಯುತ್ತದೆ. ಎಲ್ಲರೂ ಹೌದು ಎಂದ ಮೇಲೆ ಎಲ್ಲರೂ ಪಾಸು. ಒಬ್ಬ ರೋಗಿಯ ನೋಂದಣಿಗೆ ಎಷ್ಟು ಕ್ಲಿಕ್ ಬೇಕು, ಇಂಟರ್ನೆಟ್ ಹೋದಾಗ ಏನಾಗುತ್ತದೆ, ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿದರೆ ಹುಡುಕಿದಾಗ ಸಿಗುತ್ತದೆಯೇ ಎಂಬುದಕ್ಕೆ ಆ ಪಟ್ಟಿಯಲ್ಲಿ ಜಾಗವಿಲ್ಲ.

ನನ್ನ ಚಿಕ್ಕಮ್ಮ ನಮ್ಮ ಕಡೆಯ ಒಂದು ತಾಲ್ಲೂಕು ಮಟ್ಟದ ಆಸ್ಪತ್ರೆಯಲ್ಲಿ ನರ್ಸ್. ಅವರ ವಾರ್ಡ್‌ಗೆ ಸಾಫ್ಟ್‌ವೇರ್ ಬಂದ ಮೇಲೆ ಕೆಲಸ ಕಡಿಮೆಯಾಗಿರಬೇಕಲ್ಲವೇ ಎಂದು ಒಮ್ಮೆ ಕೇಳಿದ್ದೆ. ‘ಕಡಿಮೆ ಎಲ್ಲಿ ಬಂತು ಪುಟ್ಟ? ರಿಜಿಸ್ಟರ್‌ನಲ್ಲಿ ಬರೀದಿದ್ರೆ ಡಾಕ್ಟ್ರು ಕೇಳ್ತಾರೆ, ಕಂಪ್ಯೂಟರ್‌ಗೆ ಹಾಕದಿದ್ರೆ ಮೇಲಿನೋರು ಕೇಳ್ತಾರೆ. ಮೊದಲು ಒಂದ್ಸಲ ಬರೀತಿದ್ದೆ, ಈಗ ಎರಡ್ಸಲ ಬರೀತೀನಿ’ ಎಂದರು. ಆ ಸಾಫ್ಟ್‌ವೇರ್ ಕೊಳ್ಳುವ ಮೊದಲು ಯಾರಾದರೂ ನಿಮ್ಮನ್ನು ಕೇಳಿದ್ದರೇ ಎಂದೆ. ‘ನಮ್ಮನ್ನ ಯಾರು ಕೇಳ್ತಾರೆ’ ಎಂದು ನಕ್ಕುಬಿಟ್ಟರು. ಟೆಂಡರ್‌ನ ಪಟ್ಟಿಯಲ್ಲಿ ‘ವಾರ್ಡ್ ನಿರ್ವಹಣೆ: ಇದೆ’ ಎಂದು ಟಿಕ್ ಬಿದ್ದಿರುತ್ತದೆ. ಅದರ ಹಿಂದೆ ಇಂತಹ ಎರಡೆರಡು ಬರವಣಿಗೆ ಅಡಗಿರುತ್ತದೆ.

ಮೂರನೆಯದು ಅತಿ ಅಪಾಯದ್ದು: ಒಪ್ಪಂದ ಮುಗಿದ ಮೇಲೆ ಏನು? ರೋಗಿಗಳ ದಾಖಲೆಯನ್ನು ಯಾವ ರೂಪದಲ್ಲಿ, ಎಷ್ಟು ದಿನದಲ್ಲಿ, ಯಾರ ಖರ್ಚಿನಲ್ಲಿ ಹಿಂತಿರುಗಿಸಬೇಕು ಎಂದು ಮೊದಲೇ ಬರೆಯದಿದ್ದರೆ ಆಸ್ಪತ್ರೆ ಆ ಕಂಪನಿಯ ಕೈಗೆ ಸಿಕ್ಕಿಬಿತ್ತು ಎಂದೇ ಅರ್ಥ. ವಾರ್ಷಿಕ ನಿರ್ವಹಣಾ ಶುಲ್ಕ ಎಷ್ಟು ಕೇಳಿದರೂ ಕೊಡಬೇಕು. ಬೇರೆಯವರತ್ತ ಹೋಗೋಣವೆಂದರೆ ಹಳೆಯ ದಾಖಲೆ ಬರುವುದಿಲ್ಲ. ಇಸ್ಕೊಂಡೋನು ಈರಭದ್ರ, ಕೊಟ್ಟೋನು ಕೋಡಂಗಿ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ಬ್ರಿಟನ್ ಕಲಿತ ದುಬಾರಿ ಪಾಠ

ಇದು ನಮ್ಮೊಬ್ಬರ ಕಥೆಯಲ್ಲ. ಸರ್ಕಾರವೇ ಎಲ್ಲರಿಗೂ ಚಿಕಿತ್ಸೆ ಕೊಡುವ ಬ್ರಿಟನ್‌ನ ಎನ್‌ಎಚ್‌ಎಸ್ ಇದೇ ವಿಷಯದಲ್ಲಿ ಎಡವಿದ್ದು ಜಗತ್ತಿಗೇ ಗೊತ್ತು. 2002ರಲ್ಲಿ ಅಲ್ಲಿ ರಾಷ್ಟ್ರೀಯ ಐಟಿ ಕಾರ್ಯಕ್ರಮ ಶುರುವಾಯಿತು. ಇಂಗ್ಲೆಂಡನ್ನು ಐದು ವಲಯಗಳಾಗಿ ಹಂಚಿ, ಅಕ್ಸೆಂಚರ್, ಬಿಟಿ, ಸಿಎಸ್‌ಸಿ, ಫುಜಿತ್ಸು ಎಂಬ ನಾಲ್ಕು ದೈತ್ಯ ಕಂಪನಿಗಳಿಗೆ ವಹಿಸಿಕೊಟ್ಟರು. ಒಪ್ಪಂದಗಳಿಗೆ ಸಹಿ ಬಿದ್ದದ್ದು ಬಹಳ ಬೇಗ. ಒಟ್ಟು ಅಂದಾಜು ವೆಚ್ಚ 1,100 ಕೋಟಿ ಪೌಂಡ್‌ಗೂ ಹೆಚ್ಚು. ದೇಶಕ್ಕೆಲ್ಲ ಒಂದೇ ಬಗೆಯ ವಿದ್ಯುನ್ಮಾನ ರೋಗಿ ದಾಖಲೆ ಎಂಬುದು ಕನಸು.

ನಡೆದದ್ದೇ ಬೇರೆ. ಒಂದೊಂದು ಆಸ್ಪತ್ರೆಯ ಕೆಲಸದ ರೀತಿ ಒಂದೊಂದು. ವೈದ್ಯರನ್ನು, ನರ್ಸ್‌ಗಳನ್ನು ಸರಿಯಾಗಿ ಕೇಳದೆ ಮೇಲಿನಿಂದ ಹೇರಿದ ವ್ಯವಸ್ಥೆ ಎಂಬ ದೂರು ಬಂತು. ಗಡುವುಗಳು ಜಾರಿದವು. ಅಕ್ಸೆಂಚರ್ ನಡುವೆಯೇ ಹೊರನಡೆಯಿತು. 2008ರಲ್ಲಿ ಫುಜಿತ್ಸು ಒಪ್ಪಂದ ರದ್ದಾಗಿ ವರ್ಷಗಟ್ಟಲೆ ಕಾನೂನು ತಕರಾರು ನಡೆಯಿತು. 2011ರಲ್ಲಿ ಸರ್ಕಾರ ಇಡೀ ಕಾರ್ಯಕ್ರಮವನ್ನೇ ಬಿಚ್ಚಿಹಾಕುವುದಾಗಿ ಪ್ರಕಟಿಸಿತು. ಎಕ್ಸ್‌ರೇ ಚಿತ್ರಗಳನ್ನು ಕಂಪ್ಯೂಟರ್‌ನಲ್ಲೇ ನೋಡುವ ವ್ಯವಸ್ಥೆಯಂತಹ ಕೆಲವು ಭಾಗಗಳು ಗೆದ್ದವು. ಆದರೆ ಮುಖ್ಯ ಗುರಿಯಾಗಿದ್ದ ರೋಗಿ ದಾಖಲೆ ಗೆಲ್ಲಲಿಲ್ಲ. ಆ ಕಾರ್ಯಕ್ರಮದ ‘ಲೊರೆಂಜೊ’ ಎಂಬ ಸಾಫ್ಟ್‌ವೇರ್‌ನ ಕೆಲಸ ದೊಡ್ಡ ಮಟ್ಟದಲ್ಲಿ ನಡೆದದ್ದು ನಮ್ಮ ಪಕ್ಕದ ಚೆನ್ನೈಯಲ್ಲಿ. ಅಂದರೆ ಜಾಣ ಎಂಜಿನಿಯರುಗಳ ಕೊರತೆಯಿಂದ ಅದು ಸೋಲಲಿಲ್ಲ. ಕೊಳ್ಳುವ ರೀತಿಯೇ ಅದಕ್ಕೆ ಮುಳುವಾಯಿತು.

ಆ ನಂತರ ಬ್ರಿಟನ್‌ನಲ್ಲಿ ಬೇರೆ ದಾರಿಗೆ ಬಲ ಬಂತು. ಅದರ ಹೆಸರು ‘ಫ್ರೇಮ್‌ವರ್ಕ್ ಒಪ್ಪಂದ’. 2012ರಲ್ಲಿ ಆರಂಭವಾದ ಜಿ-ಕ್ಲೌಡ್ ಇದಕ್ಕೆ ಒಳ್ಳೆಯ ಉದಾಹರಣೆ. ಅರ್ಥ ಮಾಡಿಕೊಳ್ಳಲು ನಮ್ಮ ಹಾಸ್ಟೆಲ್ ಮೆಸ್ ಸಾಕು. ದಿನಾ ಬೆಳಿಗ್ಗೆ ತರಕಾರಿಗೆ ಟೆಂಡರ್ ಕರೆಯಲಾಗುವುದಿಲ್ಲ. ಇಡೀ ವರ್ಷ ಒಂದೇ ಅಂಗಡಿಗೆ ಜೋತುಬೀಳುವುದೂ ತರವಲ್ಲ. ಅದಕ್ಕೆ ವರ್ಷದ ಆರಂಭದಲ್ಲಿ ಐದಾರು ಅಂಗಡಿಗಳನ್ನು ಪರಿಶೀಲಿಸಿ, ದರ ಮತ್ತು ಷರತ್ತು ಗೊತ್ತುಮಾಡಿ ಪಟ್ಟಿ ಮಾಡಿಡುತ್ತಾರೆ. ಬೇಕಾದಾಗ ಬೇಕಾದಷ್ಟನ್ನು ಆ ಪಟ್ಟಿಯಿಂದ ತರಿಸುತ್ತಾರೆ. ಒಬ್ಬರ ಟೊಮೆಟೊ ಕೊಳೆತಿದ್ದರೆ ನಾಳೆ ಇನ್ನೊಬ್ಬರು.

ಫ್ರೇಮ್‌ವರ್ಕ್ ಕೂಡ ಹೀಗೆಯೇ. ಕಂಪನಿಗಳು ತಮ್ಮ ಸೇವೆ, ದರ, ಭದ್ರತೆಯ ವಿವರ ಕೊಟ್ಟು ಪಟ್ಟಿಗೆ ಸೇರುತ್ತವೆ. ಕಾನೂನಿನ ಸಾಮಾನ್ಯ ಷರತ್ತುಗಳು ಮೊದಲೇ ನಿಗದಿಯಾಗಿರುತ್ತವೆ. ಆಸ್ಪತ್ರೆ ಆ ಪಟ್ಟಿಯಲ್ಲಿ ಹುಡುಕಿ, ತನ್ನ ಅಗತ್ಯಕ್ಕೆ ತಕ್ಕವರನ್ನು ಹೋಲಿಸಿ ನೋಡಿ, ಚಿಕ್ಕ ಒಪ್ಪಂದ ಮಾಡಿಕೊಳ್ಳುತ್ತದೆ. ಪಟ್ಟಿಯಲ್ಲಿದ್ದ ಮಾತ್ರಕ್ಕೆ ಕೆಲಸ ಸಿಗುತ್ತದೆ ಎಂಬ ಖಾತರಿ ಯಾರಿಗೂ ಇಲ್ಲ. ಪಟ್ಟಿಯನ್ನು ಆಗಾಗ ಹೊಸದಾಗಿ ತೆರೆಯುವುದರಿಂದ ಇವತ್ತು ಹುಟ್ಟಿದ ಕಂಪನಿಗೂ ನಾಳೆ ಅವಕಾಶ ಉಂಟು. ಜಿ-ಕ್ಲೌಡ್ ಪಟ್ಟಿಯಲ್ಲಿ ಬಹುಪಾಲು ಸಣ್ಣ ಮತ್ತು ಮಧ್ಯಮ ಕಂಪನಿಗಳೇ ಇವೆ.

ಹಾಗೆಂದು ಫ್ರೇಮ್‌ವರ್ಕ್ ಮಂತ್ರದಂಡವಲ್ಲ. ಪಟ್ಟಿಯಲ್ಲಿ ಸಣ್ಣವರು ಹೆಚ್ಚಿದ್ದರೂ ಹಣದ ದೊಡ್ಡ ಪಾಲು ದೊಡ್ಡ ಕಂಪನಿಗಳಿಗೇ ಹೋಗುತ್ತದೆ ಎಂಬ ಟೀಕೆ ಅಲ್ಲಿಯೂ ಇದೆ. ಪಟ್ಟಿ ವರ್ಷಗಟ್ಟಲೆ ಮುಚ್ಚಿದ್ದರೆ ಅದು ಕೆಲವರ ಕ್ಲಬ್ಬಾಗುತ್ತದೆ. ನಮ್ಮಲ್ಲೂ ‘ದರ ಒಪ್ಪಂದ’ ಎಂಬ ಹೆಸರಿನಲ್ಲಿ ಇದೇ ಬಗೆಯ ಪದ್ಧತಿ ಬಹಳ ಕಾಲ ನಡೆದಿತ್ತು. ಕೇಂದ್ರದಲ್ಲಿ ಅದನ್ನು ನೋಡಿಕೊಳ್ಳುತ್ತಿದ್ದ ಡಿಜಿಎಸ್‌ಆ್ಯಂಡ್‌ಡಿ ಎಂಬ ಹಳೆಯ ಸಂಸ್ಥೆಯನ್ನು 2017ರಲ್ಲಿ ಮುಚ್ಚಲಾಯಿತು. ಅದರ ಜಾಗಕ್ಕೆ ಜೆಮ್ ಬಂತು. ಆದ್ದರಿಂದ ನಾನು ಕೇಳುತ್ತಿರುವುದು ಆಸ್ಪತ್ರೆ ಸಾಫ್ಟ್‌ವೇರ್‌ಗೆ ತಕ್ಕ ನಿಯಮಗಳಿರುವ, ವರ್ಷಕ್ಕೊಮ್ಮೆಯಾದರೂ ಬಾಗಿಲು ತೆರೆಯುವ ಪಟ್ಟಿಯನ್ನು.

ಕಾಣದ ಖರ್ಚು

ಕಡಿಮೆ ದರದ ಲೆಕ್ಕದಲ್ಲಿ ಮೊದಲು ಕೊಚ್ಚಿಹೋಗುವುದು ಭದ್ರತೆ. ಯಾಕೆಂದರೆ ಅದು ಡೆಮೊದಲ್ಲಿ ಕಾಣುವುದಿಲ್ಲ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಮೇಲೆ ಸೈಬರ್ ದಾಳಿಯಾದದ್ದು ನೆನಪಿರಬಹುದು. ಹೊರರೋಗಿ ನೋಂದಣಿ, ದಾಖಲಾತಿ, ಲ್ಯಾಬ್ ವರದಿ ಎಲ್ಲವನ್ನೂ ಸುಮಾರು ಎರಡು ವಾರ ಕೈಯಲ್ಲೇ ಬರೆಯಬೇಕಾಯಿತು. ಐದು ಸರ್ವರ್‌ಗಳ ಸುಮಾರು 1.3 ಟೆರಾಬೈಟ್ ದತ್ತಾಂಶವನ್ನು ದಾಳಿಕೋರರು ಗೂಢಲಿಪಿಯಾಗಿಸಿದ್ದರು, ಜಾಲವನ್ನು ಸರಿಯಾಗಿ ವಿಭಾಗಿಸದಿದ್ದುದು ಇದಕ್ಕೆ ದಾರಿಯಾಯಿತು ಎಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ದಾಳಿಗೆ ಸಿಗದೆ ಉಳಿದ ಬ್ಯಾಕಪ್ ಸರ್ವರ್‌ನಿಂದ ದಾಖಲೆಗಳು ಮರಳಿ ಸಿಕ್ಕವು.

ಅಂತಹ ದೊಡ್ಡ ಆಸ್ಪತ್ರೆಯಲ್ಲೇ ಹೀಗಾದರೆ ಜಿಲ್ಲಾ ಆಸ್ಪತ್ರೆಯ ಗತಿಯೇನು? ಬ್ಯಾಕಪ್ ಎಲ್ಲಿ ಇಡಬೇಕು, ಎಷ್ಟು ದಿನಕ್ಕೊಮ್ಮೆ ಅದನ್ನು ಮರಳಿ ತೆರೆದು ಪರೀಕ್ಷಿಸಬೇಕು, ಭದ್ರತಾ ಲೆಕ್ಕಪರಿಶೋಧನೆಗೆ ಯಾರು ಹಣ ಕೊಡಬೇಕು ಎಂಬುದೆಲ್ಲ ಟೆಂಡರ್‌ನಲ್ಲೇ ಇರಬೇಕು. ಬರೆಯದಿದ್ದರೆ ಕಂಪನಿ ಮಾಡುವುದಿಲ್ಲ. ಮಾಡಲು ಹೊರಟರೆ ಅದರ ದರ ಹೆಚ್ಚಾಗಿ ಎಲ್1 ಆಗುವುದಿಲ್ಲ. ಪ್ರಾಮಾಣಿಕವಾಗಿ ಖರ್ಚು ಲೆಕ್ಕಹಾಕಿದವನೇ ಸೋಲುವ ಆಟವಿದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೂ ಈ ಖರ್ಚನ್ನು ಟೆಂಡರ್ ಕಾಣದಂತೆ ನಟಿಸಿದರೆ ಕೋಟೆ ಕೊಳ್ಳೆ ಹೋದ ಮೇಲೆ ಊರ ಬಾಗಿಲು ಹಾಕಿದ ಹಾಗೆ.

ಹಾಗಾದರೆ ಏನು ಮಾಡಬೇಕು?

ಮೊದಲು ಕೇಳಬೇಕಾದ ಪ್ರಶ್ನೆ: ಕೊಳ್ಳಲೇಬೇಕೇ? ಸರ್ಕಾರದ್ದೇ ಆದ ಎನ್‌ಐಸಿಯ ‘ಇ-ಹಾಸ್ಪಿಟಲ್’ ಇದೆ, ಸಿ-ಡ್ಯಾಕ್‌ನ ‘ಇ-ಸುಶ್ರುತ್’ ಇದೆ. ಮಾನಸಿಕ ಆರೋಗ್ಯಕ್ಕೆ ನಿಮ್ಹಾನ್ಸ್ ಮತ್ತು ಬೆಂಗಳೂರಿನ ಐಐಐಟಿ ಜೊತೆಗೂಡಿ ಕರ್ನಾಟಕಕ್ಕಾಗಿ ‘ಇ-ಮನಸ್’ ಕಟ್ಟಿವೆ. ಇವು ಸಾಲುವ ಕಡೆ ಸಾಫ್ಟ್‌ವೇರ್‌ಗೆ ಹಣ ಸುರಿಯುವ ಬದಲು ತರಬೇತಿಗೆ, ಸ್ಥಳದಲ್ಲೇ ಇರುವ ಸಹಾಯಕರಿಗೆ ಖರ್ಚು ಮಾಡಬಹುದು. ಸಾಲದ ಕಡೆ ಮಾತ್ರ ಮಾರುಕಟ್ಟೆಗೆ ಹೋಗಲಿ.

ಹೋದಾಗ, ಎರಡನೆಯದಾಗಿ, ಮಾನದಂಡ ಕಡ್ಡಾಯವಾಗಲಿ. 2021ರ ಸೆಪ್ಟೆಂಬರ್‌ನಲ್ಲಿ ದೇಶದಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 14 ಅಂಕಿಗಳ ‘ಆಭಾ’ ಸಂಖ್ಯೆ ಕೊಡುತ್ತದೆ. ಒಂದು ಆಸ್ಪತ್ರೆಯ ದಾಖಲೆಯನ್ನು ರೋಗಿಯ ಒಪ್ಪಿಗೆಯ ಮೇರೆಗೆ ಇನ್ನೊಂದು ಆಸ್ಪತ್ರೆ ಓದಲು ‘ಫೈರ್’ ಎಂಬ ಅಂತರರಾಷ್ಟ್ರೀಯ ಮಾದರಿಯನ್ನು ಅದು ಬಳಸುತ್ತದೆ. ಈ ಮಾದರಿಯಲ್ಲಿ ದಾಖಲೆ ಕೊಡಲಾಗದ ಸಾಫ್ಟ್‌ವೇರ್ ಎಷ್ಟೇ ಅಗ್ಗವಾಗಿದ್ದರೂ ಪಟ್ಟಿಗೆ ಸೇರಬಾರದು. ಇದರಿಂದ ಒಪ್ಪಂದ ಮುಗಿದಾಗ ದಾಖಲೆ ಮರಳಿ ಪಡೆಯುವ ತಲೆನೋವೂ ಬಹಳಷ್ಟು ಇಳಿಯುತ್ತದೆ.

ಮೂರನೆಯದಾಗಿ, ಗುಣಕ್ಕೂ ಅಂಕ ಕೊಡಿ. 2021ರ ಅಕ್ಟೋಬರ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಹೊರಡಿಸಿದ ಸೂಚನೆಗಳ ಪ್ರಕಾರ, ಗುಣಮಟ್ಟ ಮುಖ್ಯವೆಂದು ಘೋಷಿಸಿದ ಖರೀದಿಗಳಲ್ಲಿ ಗುಣಕ್ಕೆ ಗರಿಷ್ಠ ಶೇ 30ರಷ್ಟು ತೂಕ ಕೊಡಬಹುದು. ಒಂದು ಲೆಕ್ಕ ಹಾಕೋಣ. ಒಂದು ಕಂಪನಿಯ ದರ 40 ಲಕ್ಷ, ಗುಣಕ್ಕೆ 60 ಅಂಕ. ಇನ್ನೊಂದರ ದರ 43 ಲಕ್ಷ, ಗುಣಕ್ಕೆ 90 ಅಂಕ. ಬರೀ ದರ ನೋಡಿದರೆ ಮೊದಲನೆಯದು ಗೆಲ್ಲುತ್ತದೆ. 30:70ರ ಲೆಕ್ಕದಲ್ಲಿ ಮೊದಲನೆಯದಕ್ಕೆ ಗುಣದಿಂದ 18, ದರದಿಂದ 70, ಒಟ್ಟು 88. ಎರಡನೆಯದಕ್ಕೆ ಗುಣದಿಂದ 27, ದರದಿಂದ ಸುಮಾರು 65, ಒಟ್ಟು 92. ಮೂರು ಲಕ್ಷ ಹೆಚ್ಚು ಕೊಟ್ಟು ನೂರಾರು ನರ್ಸ್‌ಗಳ ದಿನನಿತ್ಯದ ಒಂದು ತಾಸು ಉಳಿದರೆ ಅದು ನಷ್ಟವೇ?

ನಾಲ್ಕನೆಯದಾಗಿ, ಆ ಗುಣದ ಅಂಕ ಕೊಡುವವರು ಬಳಸುವವರೇ ಆಗಿರಲಿ. ಎಲ್ಲ ಕಂಪನಿಗಳಿಗೂ ಒಂದೇ ಪರೀಕ್ಷೆ: ಒಂದು ವಾರ್ಡ್, ಹತ್ತು ರೋಗಿಗಳ ಕಾಲ್ಪನಿಕ ದಾಖಲೆ, ಒಮ್ಮೆ ಇಂಟರ್ನೆಟ್ ಕಡಿತ, ಒಮ್ಮೆ ಕನ್ನಡದ ಹೆಸರಿನ ಹುಡುಕಾಟ. ನರ್ಸ್, ಲ್ಯಾಬ್ ತಂತ್ರಜ್ಞ, ಫಾರ್ಮಸಿಸ್ಟ್ ಕೂತು ಮಾಡಿ ನೋಡಲಿ. ಎಷ್ಟು ನಿಮಿಷ ಹಿಡಿಯಿತು, ಎಷ್ಟು ತಪ್ಪಾಯಿತು ಎಂದು ಬರೆದಿಡಲಿ. ಐದನೆಯದಾಗಿ, ಹಣವನ್ನು ಕಂತುಗಳಲ್ಲಿ ಕೊಡಲಿ. ಅಳವಡಿಸಿದ ದಿನ ಸ್ವಲ್ಪ, ವಾರ್ಡ್‌ನ ರಿಜಿಸ್ಟರ್ ನಿಜಕ್ಕೂ ನಿಂತ ದಿನ ದೊಡ್ಡ ಪಾಲು.

ಇದಕ್ಕೆ ಒಂದು ಬಲವಾದ ಆಕ್ಷೇಪವಿದೆ. ‘ಗುಣಕ್ಕೆ ಅಂಕ ಎಂದ ಕೂಡಲೇ ತಮ್ಮವರಿಗೆ ಅಂಕ ಸುರಿಯುವ ಆಟ ಶುರುವಾಗುತ್ತದೆ. ದರ ಸುಳ್ಳು ಹೇಳುವುದಿಲ್ಲ, ಅಂಕ ಹೇಳುತ್ತದೆ.’ ಈ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ನಮ್ಮ ಇಂಟರ್ನಲ್ಸ್ ಅಂಕಗಳ ಬಗ್ಗೆಯೇ ನಾವು ಎಷ್ಟು ಜಗಳವಾಡುತ್ತೇವೆ! ಆದರೆ ಮದ್ದು ಅಂಕವನ್ನೇ ತೆಗೆದುಹಾಕುವುದರಲ್ಲಿಲ್ಲ. ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಟೆಂಡರ್‌ನಲ್ಲೇ ಮೊದಲು ಪ್ರಕಟಿಸಬೇಕು. ಪ್ರತಿ ಕಂಪನಿಯ ಅಂಕ, ಅದಕ್ಕೆ ಕಾರಣ, ಅಂಕ ಕೊಟ್ಟ ಸಮಿತಿ ಎಲ್ಲವೂ ಫಲಿತಾಂಶದ ದಿನವೇ ಜಾಲತಾಣದಲ್ಲಿ ಬರಬೇಕು. ಗಡಿಯಾರ ಹಿಡಿದು ಅಳೆದ ನಿಮಿಷಗಳಲ್ಲಿ ಮೋಸ ಮಾಡುವುದು ಸುಲಭವಲ್ಲ. ಬರೀ ದರ ನೋಡುವ ಪದ್ಧತಿಯಲ್ಲೂ ಒಬ್ಬರಿಗೇ ಹೊಂದುವಂತೆ ಅರ್ಹತೆಯ ಷರತ್ತು ಹೆಣೆಯಬಹುದು ಎಂಬುದನ್ನು ಮರೆಯಬಾರದು.

ಇದರಲ್ಲಿ ನಮಗೇನು?

‘ನಾವು ಓದುತ್ತಿರುವವರು, ಕೆಲಸ ಹುಡುಕುತ್ತಿರುವವರು, ಟೆಂಡರ್ ಕಟ್ಟಿಕೊಂಡು ನಮಗೇನಾಗಬೇಕು’ ಎಂದು ಕೆಲವರು ಕೇಳಬಹುದು. ಆಗಬೇಕಾದದ್ದು ಬಹಳಷ್ಟಿದೆ.

ನಾವೆಲ್ಲ ದೊಡ್ಡ ಕಂಪನಿಯ ಆಫರ್ ಲೆಟರ್‌ಗೆ ಕಾಯುತ್ತಿದ್ದೇವೆ. ಆದರೆ ಆಸ್ಪತ್ರೆ ಐಟಿ ಎಂಬುದು ಬರೀ ಕೋಡಿಂಗ್ ಕೆಲಸವಲ್ಲ. ಟೆಂಡರ್ ಓದಿ ಉತ್ತರ ಸಿದ್ಧಪಡಿಸುವವರು ಬೇಕು, ವಾರ್ಡ್‌ಗೆ ಹೋಗಿ ಅಗತ್ಯ ಬರೆದುಕೊಳ್ಳುವವರು ಬೇಕು, ಪರೀಕ್ಷಿಸುವವರು, ಕಲಿಸುವವರು, ಭದ್ರತೆ ನೋಡಿಕೊಳ್ಳುವವರು ಬೇಕು. ಕನ್ನಡ ಚೆನ್ನಾಗಿ ಬಲ್ಲ, ಹಳ್ಳಿಯ ಆಸ್ಪತ್ರೆ ಕಂಡ ಹುಡುಗ ಹುಡುಗಿಯರಿಗೆ ಇಲ್ಲಿ ಬೇರೆಯವರಿಗಿಲ್ಲದ ಬಲವಿದೆ. ಬಿಎಸ್ಸಿ ನರ್ಸಿಂಗ್, ಬಿಕಾಂ ಓದಿದವರಿಗೂ ಜಾಗವಿದೆ. ಆಸ್ಪತ್ರೆಯ ಕೆಲಸ ತಿಳಿದವರಿಗೆ ಸಾಫ್ಟ್‌ವೇರ್ ಕಲಿಸುವುದು, ಸಾಫ್ಟ್‌ವೇರ್ ತಿಳಿದವರಿಗೆ ಆಸ್ಪತ್ರೆಯ ಕೆಲಸ ಕಲಿಸುವುದಕ್ಕಿಂತ ಎಷ್ಟೋ ಸಲ ಸುಲಭ.

ಅದಕ್ಕೆ ಗೆಳೆಯರಲ್ಲಿ ಒಂದೆರಡು ಮಾತು. ಕರ್ನಾಟಕದ ಖರೀದಿ ಪೋರ್ಟಲ್‌ನಲ್ಲಿ, ಜೆಮ್‌ನಲ್ಲಿ ಟೆಂಡರ್‌ಗಳು ಸಾರ್ವಜನಿಕವಾಗಿಯೇ ಇರುತ್ತವೆ. ವಾರಕ್ಕೊಂದನ್ನು ಓದಿ. ಮೊದಲ ಸಲ ತಲೆ ಕೆಡುತ್ತದೆ. ಮೂರನೆಯ ಸಲಕ್ಕೆ ಯಾವ ಷರತ್ತು ಯಾಕಿದೆ ಎಂದು ಹೊಳೆಯತೊಡಗುತ್ತದೆ. ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಪ್ರತಿಸಲದಂತೆ ‘ಹಾಸ್ಪಿಟಲ್ ಮ್ಯಾನೇಜ್‌ಮೆಂಟ್ ಸಿಸ್ಟಮ್’ ಎಂದು ಹಳೆಯ ಸೀನಿಯರ್‌ಗಳ ಕೋಡ್ ನಕಲು ಮಾಡುವ ಬದಲು, ಡಿಜಿಟಲ್ ಮಿಷನ್‌ನ ಪ್ರಯೋಗ ವೇದಿಕೆಯಾದ ಸ್ಯಾಂಡ್‌ಬಾಕ್ಸ್‌ನ ದಾಖಲೆಗಳನ್ನು ಓದಿ ಏನಾದರೂ ಕಟ್ಟಲು ಪ್ರಯತ್ನಿಸಿ. ಕಟ್ಟುವ ಮೊದಲು ಒಬ್ಬ ನರ್ಸ್ ಪಕ್ಕದಲ್ಲಿ ಒಂದು ಶಿಫ್ಟ್ ಕೂತು ನೋಡಿ. ನಿಮ್ಮೂರಿನ ಆಸ್ಪತ್ರೆಯ ಸಾಫ್ಟ್‌ವೇರ್‌ಗೆ ಎಷ್ಟು ಖರ್ಚಾಗಿದೆ, ಒಪ್ಪಂದ ಎಂದು ಮುಗಿಯುತ್ತದೆ, ದಾಖಲೆ ಹಿಂತಿರುಗಿಸುವ ಷರತ್ತು ಇದೆಯೇ ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ಹಾಗೆ ಕೇಳುವುದು ನಮ್ಮ ಹಕ್ಕು.

ಎಂಜಿನಿಯರಿಂಗ್ ಕಾಲೇಜುಗಳಿಗೂ ಒಂದು ಬಿನ್ನಹ. ಸಾಫ್ಟ್‌ವೇರ್ ಎಂಜಿನಿಯರಿಂಗ್ ಪಠ್ಯದಲ್ಲಿ ಯಾವುದೋ ಕಾಲ್ಪನಿಕ ಗ್ರಂಥಾಲಯದ ಉದಾಹರಣೆ ಕೊಡುವ ಬದಲು ಒಂದು ನಿಜವಾದ ಸರ್ಕಾರಿ ಟೆಂಡರ್ ಇಟ್ಟು ಪಾಠ ಮಾಡಿ. ಅದರಲ್ಲಿ ಏನು ಬಿಟ್ಟುಹೋಗಿದೆ ಎಂದು ಕಂಡುಹಿಡಿಯುವುದೇ ಅಸೈನ್‌ಮೆಂಟ್ ಆಗಲಿ. ನಾಳೆ ನಮ್ಮಲ್ಲಿ ಕೆಲವರು ಕೆಎಎಸ್ ಬರೆದು ಮೇಜಿನ ಆ ಕಡೆ ಕೂರುತ್ತಾರೆ, ಕೆಲವರು ಕಂಪನಿ ಸೇರಿ ಈ ಕಡೆ ಕೂರುತ್ತಾರೆ. ಎರಡೂ ಕಡೆಯವರಿಗೆ ಆ ಕಾಗದದ ಬೆಲೆ ಗೊತ್ತಿರಬೇಕು.

ಸಾರ್ವಜನಿಕ ಹಣವನ್ನು ಕಾಯುವುದು ಎಂದರೆ ಕಡಿಮೆ ಖರ್ಚು ಮಾಡುವುದು ಎಂದಷ್ಟೇ ಅಲ್ಲ. ಖರ್ಚು ಮಾಡಿದ ಮೇಲೆ ರೋಗಿಗೆ ಏನು ದಕ್ಕಿತು ಎಂದು ನೋಡುವುದೂ ಅದರಲ್ಲಿ ಸೇರಿದೆ. 40 ಲಕ್ಷಕ್ಕೆ ಕೊಂಡು ಮೂಲೆ ಸೇರಿದ ಸಾಫ್ಟ್‌ವೇರ್ ಅಗ್ಗದ್ದಲ್ಲ, ಅದು 40 ಲಕ್ಷದ ನಷ್ಟ. ಈ ಸರಳ ಲೆಕ್ಕ ಟೆಂಡರ್ ಬರೆಯುವ ಕೋಣೆಯೊಳಗೆ ಹೋಗಬೇಕು. ಒಳಗಿರುವವರು ಕೇಳದಿದ್ದರೆ ಹೊರಗಿರುವ ನಾವಾದರೂ ಕೇಳೋಣ.